ತಪ್ಪು ಉತ್ತರದಿಂದ ನಾಳಿನ ಪಾಠ: ಶಿಕ್ಷಕರು ಒಟ್ಟಾಗಿ ಘಟಕ ಯೋಜಿಸುವ ಬಗೆ

ಆರನೇ ತರಗತಿಯ ಇಬ್ಬರು ಮಕ್ಕಳಿಗೆ ಎರಡು ಪ್ರಶ್ನೆ ಕೊಟ್ಟಿದ್ದೇವೆ ಎಂದಿಟ್ಟುಕೊಳ್ಳಿ. 3/8 ಮತ್ತು 3/5, ಇವುಗಳಲ್ಲಿ ಯಾವುದು ದೊಡ್ಡದು? 5/8 ಮತ್ತು 2/5, ಇವುಗಳಲ್ಲಿ ಯಾವುದು ದೊಡ್ಡದು? ಮೊದಲ ಮಗು 3/8, 5/8 ಎಂದು ಬರೆಯುತ್ತದೆ. ಎರಡನೆಯದು 3/5, 2/5 ಎಂದು ಬರೆಯುತ್ತದೆ. ಇಬ್ಬರಿಗೂ ಎರಡಕ್ಕೆ ಒಂದು ಅಂಕ. ಅಂಕವಹಿಯಲ್ಲಿ ಇಬ್ಬರೂ ಸಮ.

ಅವರ ತಲೆಯೊಳಗಿನ ಲೆಕ್ಕ ಮಾತ್ರ ಬೇರೆ ಬೇರೆ. ಎಂಟು ಐದಕ್ಕಿಂತ ದೊಡ್ಡದು, ಹಾಗಾಗಿ ಎಂಟಿರುವುದೇ ದೊಡ್ಡದು ಎನ್ನುವುದು ಮೊದಲ ಮಗುವಿನ ತರ್ಕ. ‘ಛೇದ ಹೆಚ್ಚಾದರೆ ಬೆಲೆ ಕಡಿಮೆ’ ಎಂಬ ಮಾತನ್ನು ಎರಡನೇ ಮಗು ಅರೆಬರೆ ಹಿಡಿದುಕೊಂಡಿದೆ. ಅಂಶದ ಕಡೆ ಅದು ನೋಡುತ್ತಲೇ ಇಲ್ಲ. ಈ ಇಬ್ಬರಿಗೂ ನಾಳೆ ಒಂದೇ ಪಾಠ ಮಾಡಿದರೆ ಒಬ್ಬರಿಗಾದರೂ ಅದು ತಲುಪುವುದಿಲ್ಲ. ಎಷ್ಟು ತಪ್ಪಿದೆ ಎಂಬುದನ್ನು ಅಂಕ ಹೇಳುತ್ತದೆ. ಏಕೆ ತಪ್ಪಿದೆ ಎಂಬುದನ್ನು ಉತ್ತರವೇ ಹೇಳಬೇಕು. ಆ ಉತ್ತರಗಳನ್ನು ಕೂತು ಓದಿ, ಓದಿದ್ದರ ಮೇಲೆ ಮುಂದಿನ ಪಾಠ ನಿರ್ಧರಿಸುವುದು ಹೇಗೆ, ಅದನ್ನು ಶಿಕ್ಷಕರು ಒಟ್ಟಾಗಿ ಮಾಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕಾನೂನು ಇದೆ, ಕಾಲ ಹೊಂದಿಸಿಕೊಳ್ಳಬೇಕು

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣವು ಮಗುವಿನ ಕಲಿಕೆಯನ್ನು ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕು ಎನ್ನುತ್ತದೆ. ಕರ್ನಾಟಕದ ಶಾಲೆಗಳಲ್ಲಿ ಇದು ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ರೂಪದಲ್ಲಿ ಬಂತು. ಶಿಕ್ಷಕರ ಕೋಣೆಯ ಮಾತಿನಲ್ಲಿ ಎಫ್‌ಎ, ಎಸ್‌ಎ. ಪಾಠ ನಡೆಯುತ್ತಿರುವಾಗಲೇ ಪಾಠವನ್ನು ತಿದ್ದಲು ನೆರವಾಗುವುದು ರೂಪಣಾತ್ಮಕ ಮೌಲ್ಯಮಾಪನದ ಉದ್ದೇಶ. ಆದರೆ ಎಫ್‌ಎ-1ರ ಅಂಕ ದಾಖಲಾಗುವ ಹೊತ್ತಿಗೆ ತರಗತಿ ಮುಂದಿನ ಘಟಕಕ್ಕೆ ಹೋಗಿಬಿಟ್ಟಿದ್ದರೆ, ಹೆಸರು ರೂಪಣಾತ್ಮಕವಾದರೂ ಕೆಲಸ ಬರೀ ದಾಖಲೆಯದ್ದು. ಪೌಲ್ ಬ್ಲ್ಯಾಕ್ ಮತ್ತು ಡೈಲನ್ ವಿಲಿಯಂ 1998ರಲ್ಲಿ ಸುಮಾರು 250 ಅಧ್ಯಯನಗಳನ್ನು ಪರಿಶೀಲಿಸಿ ಒತ್ತಿ ಹೇಳಿದ್ದೂ ಇದನ್ನೇ: ಅಳೆದದ್ದು ಬೋಧನೆಯನ್ನು ಬದಲಿಸಿದಾಗಲೇ ಅದು ರೂಪಣಾತ್ಮಕ.

ಹೆಜ್ಜೆ 1: ಕೊನೆಯ ಪರೀಕ್ಷೆ ಮೊದಲು

ಘಟಕ ಆರಂಭಿಸುವ ಮುನ್ನ ತಂಡ ಒಮ್ಮೆ ಕೂರಬೇಕು. ಮೊದಲ ಪ್ರಶ್ನೆ: ಈ ಘಟಕ ಮುಗಿದಾಗ ಪ್ರತಿ ಮಗುವಿಗೂ ಬರಲೇಬೇಕಾದದ್ದು ಏನು? ಪಠ್ಯಪುಸ್ತಕದ ಕಲಿಕಾ ಫಲಗಳಲ್ಲಿ ಮೂರು ನಾಲ್ಕನ್ನು ಮಾತ್ರ ಆರಿಸಿಕೊಳ್ಳಿ. ಭಿನ್ನರಾಶಿಗಳ ಘಟಕಕ್ಕೆ ಹೋಲಿಕೆ, ಸಮಾನ ಭಿನ್ನರಾಶಿ, ಬೇರೆ ಬೇರೆ ಛೇದವಿರುವ ಭಿನ್ನರಾಶಿಗಳ ಸಂಕಲನ ಮತ್ತು ಇವನ್ನು ಬಳಸುವ ಮಾತಿನ ಲೆಕ್ಕ ಸಾಕು.

ಆಮೇಲೆ ಘಟಕ ಪರೀಕ್ಷೆಯನ್ನು ಆಗಲೇ ಬರೆದಿಡಿ. ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ ಎಂಬ ಅಮೆರಿಕದ ಶಿಕ್ಷಣ ತಜ್ಞರು 1998ರಲ್ಲಿ ಈ ಹಿಮ್ಮುಖ ಯೋಜನೆಯನ್ನು ಪುಸ್ತಕ ರೂಪದಲ್ಲಿ ವಿವರಿಸಿದರು. ನಮ್ಮ ಶಿಕ್ಷಕರಿಗೆ ನೀಲನಕ್ಷೆ ಹೊಸದೇನಲ್ಲ. ಪರೀಕ್ಷೆಯ ಹಿಂದಿನ ದಿನ ತಯಾರಾಗುವ ನೀಲನಕ್ಷೆ ಇಲ್ಲಿ ಪಾಠಕ್ಕೂ ಮೊದಲು ತಯಾರಾಗುತ್ತದೆ, ಅಷ್ಟೇ. ಹಾಗೆ ಬರೆದಾಗ ಯಾವ ಅಭ್ಯಾಸಕ್ಕೆ ಹೆಚ್ಚು ಸಮಯ ಬೇಕು, ಯಾವುದನ್ನು ಬಿಡಬಹುದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಹೆಜ್ಜೆ 2: ಬುನಾದಿ ಪರೀಕ್ಷಿಸಿ

ಶಾಲಾ ವರ್ಷದ ಆರಂಭದಲ್ಲಿ ನಡೆಯುವ ಸೇತುಬಂಧದ ಪೂರ್ವ ಪರೀಕ್ಷೆಯ ತತ್ತ್ವ ಪ್ರತಿ ಘಟಕಕ್ಕೂ ಹೊಂದುತ್ತದೆ. ಭಿನ್ನರಾಶಿಗಳನ್ನು ಕೂಡಲು ಮಗುವಿಗೆ ಮಗ್ಗಿ ಬರಬೇಕು, ಅಪವರ್ತ್ಯ ಗೊತ್ತಿರಬೇಕು, ಒಂದು ಇಡಿಯನ್ನು ಸಮಭಾಗ ಮಾಡುವುದೆಂದರೇನು ಎಂದು ತಿಳಿದಿರಬೇಕು. ಈ ಮೂರಕ್ಕೂ ಎರಡೆರಡು ಪ್ರಶ್ನೆ, ಹತ್ತು ನಿಮಿಷ. ಘಟಕಕ್ಕೆ ಒಂದು ವಾರ ಮೊದಲೇ ಇದು ಮುಗಿದರೆ ಕೊರತೆ ತುಂಬಲು ದಿನಗಳು ಸಿಗುತ್ತವೆ.

ಹೆಜ್ಜೆ 3: ಯೋಜನೆಯಲ್ಲಿ ಖಾಲಿ ಜಾಗ ಬಿಡಿ

ಘಟಕಕ್ಕೆ 14 ಅವಧಿ ಇದ್ದರೆ 11ಕ್ಕೆ ಮಾತ್ರ ಪಾಠ ಹಂಚಿ. ಉಳಿದ ಮೂರರಲ್ಲಿ ಏನನ್ನೂ ಬರೆಯಬೇಡಿ. ಮಕ್ಕಳ ಉತ್ತರ ನೋಡಿದ ಮೇಲೆ ತುಂಬುವ ಅವಧಿಗಳು ಅವು. ಹದಿನಾಲ್ಕನ್ನೂ ಮೊದಲೇ ತುಂಬಿಟ್ಟರೆ, ತರಗತಿಯ ಅರ್ಧದಷ್ಟು ಮಕ್ಕಳಿಗೆ ಅರ್ಥವಾಗಿಲ್ಲ ಎಂದು ತಿಳಿದರೂ ಶಿಕ್ಷಕರ ಕೈ ಕಟ್ಟಿಹಾಕಿದಂತಾಗುತ್ತದೆ. ಮೂರನೇ, ಏಳನೇ, ಹನ್ನೊಂದನೇ ಅವಧಿಯ ಕೊನೆಗೆ ಒಂದೊಂದು ಕಿರು ತಪಾಸಣೆ ಗುರುತಿಸಿಡಿ. ತಂಡದ ಎಲ್ಲರೂ ಅದೇ ಪ್ರಶ್ನೆಯನ್ನು, ಅದೇ ವಾರದಲ್ಲಿ ಕೇಳಬೇಕು. ಆಗ ಮಾತ್ರ ಹೋಲಿಸಿ ಚರ್ಚಿಸಲು ಬರುತ್ತದೆ.

ಹೆಜ್ಜೆ 4: ಮಾತನಾಡುವ ಪ್ರಶ್ನೆ ಹೆಣೆಯಿರಿ

ಕಿರು ತಪಾಸಣೆಗೆ ಒಂದೆರಡು ಪ್ರಶ್ನೆ, ಐದು ನಿಮಿಷ, ಒಂದು ಚೀಟಿ ಸಾಕು. ಪ್ರಶ್ನೆ ಮಾತ್ರ ಯೋಚಿಸಿ ಆರಿಸಿದ್ದಾಗಿರಬೇಕು. ‘1/2 + 1/3 ಎಷ್ಟು?’ ಎಂಬುದು ಒಳ್ಳೆಯ ಪ್ರಶ್ನೆ, ಏಕೆಂದರೆ ಇಲ್ಲಿ ಪ್ರತಿಯೊಂದು ತಪ್ಪಿಗೂ ತನ್ನದೇ ಗುರುತಿದೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ ಮಗು 2/5 ಎನ್ನುತ್ತದೆ. ಛೇದವನ್ನು 6 ಮಾಡಿ ಅಂಶಗಳನ್ನು ಬದಲಿಸಲು ಮರೆತ ಮಗು 2/6 ಎನ್ನುತ್ತದೆ. ದಶಮಾಂಶದಲ್ಲಿ ‘0.35 ದೊಡ್ಡದೋ 0.8 ದೊಡ್ಡದೋ’ ಎಂಬುದೂ ಇಂಥದ್ದೇ: 35 ಎಂಟಕ್ಕಿಂತ ದೊಡ್ಡದು ಎನ್ನುವ ಮಗುವಿನ ತೊಡಕು ಒಂದೇ ಉತ್ತರದಲ್ಲಿ ಬಯಲಾಗುತ್ತದೆ. ಪ್ರಶ್ನೆ ಬರೆಯುವಾಗಲೇ ಯಾವ ತಪ್ಪುಗಳು ಬರಬಹುದು ಎಂದು ತಂಡ ಪಟ್ಟಿ ಮಾಡಬೇಕು. ಹಳಬರ ಅನುಭವ ಹೊಸಬರಿಗೆ ದಾಟುವುದು ಹೆಚ್ಚಾಗಿ ಈ ಪಟ್ಟಿಯಲ್ಲೇ.

ಹೆಜ್ಜೆ 5: ನಲವತ್ತು ನಿಮಿಷದ ಸಭೆ

ಚೀಟಿಗಳನ್ನು ಅಂಕ ಹಾಕದೆ ತನ್ನಿ. ಮೇಜಿನ ಮೇಲೆ ಉತ್ತರದ ಪ್ರಕಾರ ಗುಂಪು ಮಾಡಿ: 5/6 ಒಂದು ಗುಂಪು, 2/5 ಇನ್ನೊಂದು, 2/6 ಮತ್ತೊಂದು, ಉಳಿದವು ಬೇರೆ. ಇದಕ್ಕೆ ಹತ್ತು ನಿಮಿಷ. ಮುಂದಿನ ಹದಿನೈದು ನಿಮಿಷ ಪ್ರತಿ ಗುಂಪಿನ ಹಿಂದಿರುವ ಆಲೋಚನೆ ಯಾವುದೆಂದು ಮಾತನಾಡಿ. ಒಬ್ಬರ ತರಗತಿಯಲ್ಲಿ 2/5 ಬರೆದವರು ತೀರಾ ಕಡಿಮೆ ಇದ್ದರೆ, ಅವರು ಪಾಠ ಹೇಗೆ ಮಾಡಿದರು ಎಂದು ಕೇಳಿ ತಿಳಿಯಿರಿ. ಉಳಿದ ಹದಿನೈದು ನಿಮಿಷ ಮುಂದೇನು ಎಂಬ ತೀರ್ಮಾನಕ್ಕೆ.

ಈ ಸಭೆಗೆ ಒಂದು ಕಟ್ಟುನಿಟ್ಟಿನ ನಿಯಮ ಬೇಕು: ಇಲ್ಲಿ ಪರೀಕ್ಷೆಗೆ ಒಳಗಾಗುವುದು ಪಾಠ, ಶಿಕ್ಷಕರಲ್ಲ. ಚೀಟಿಗಳನ್ನು ತೋರಿಸಿದ್ದಕ್ಕೆ ಯಾರಾದರೂ ತಲೆ ತಗ್ಗಿಸಬೇಕಾಗಿ ಬಂದರೆ ಮುಂದಿನ ಸಭೆಗೆ ಒಳ್ಳೆಯ ಚೀಟಿಗಳು ಮಾತ್ರ ಬರುತ್ತವೆ, ಸತ್ಯ ಬರುವುದಿಲ್ಲ. ಮುಖ್ಯ ಶಿಕ್ಷಕರು ಈ ಭರವಸೆಯನ್ನು ಬಾಯಿಬಿಟ್ಟು ಹೇಳಬೇಕು, ಪಾಲಿಸಬೇಕು.

ಹೆಜ್ಜೆ 6: ತಪ್ಪಿಗೆ ತಕ್ಕ ಪಾಠ

2/5 ಬರೆದ ಮಕ್ಕಳಿಗೆ ನಿಯಮವನ್ನು ಮತ್ತೊಮ್ಮೆ ಜೋರಾಗಿ ಹೇಳುವುದರಿಂದ ಪ್ರಯೋಜನವಿಲ್ಲ. ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟು 1/2 ಮತ್ತು 2/5 ಮಡಚಲು ಹೇಳಿ. 2/5 ಅರ್ಧಕ್ಕಿಂತ ಚಿಕ್ಕದು. ಅರ್ಧಕ್ಕೆ ಏನನ್ನೋ ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ? ಈ ಪ್ರಶ್ನೆ ಮಗುವನ್ನು ತನ್ನ ಉತ್ತರ ತಾನೇ ಅನುಮಾನಿಸುವಂತೆ ಮಾಡುತ್ತದೆ. 2/6 ಬರೆದವರು ಸಮಾನ ಭಿನ್ನರಾಶಿಗೆ ಮರಳಬೇಕು. ಮಗ್ಗಿಯಲ್ಲಿ ಎಡವಿದವರಿಗೆ ಮಗ್ಗಿಯೇ ಬೇಕು.

ತರಗತಿಯ ಬಹುಪಾಲು ಎಡವಿದ್ದರೆ ಇಡೀ ತರಗತಿಗೆ ಬೇರೆ ರೀತಿಯಲ್ಲಿ ಪಾಠ ಮಾಡಿ. ಕೆಲವರಷ್ಟೇ ಎಡವಿದ್ದರೆ ಅವರನ್ನು ಸಣ್ಣ ಗುಂಪಾಗಿ ಕೂರಿಸಿಕೊಂಡು, ಉಳಿದವರಿಗೆ ಕಠಿಣ ಮಾತಿನ ಲೆಕ್ಕ ಕೊಡಿ. ಖಾಲಿ ಬಿಟ್ಟ ಅವಧಿಗಳು ಕೆಲಸಕ್ಕೆ ಬರುವುದು ಈಗ. ಎರಡು ಮೂರು ದಿನದ ನಂತರ ಅದೇ ಪರಿಕಲ್ಪನೆಯ ಮೇಲೆ ಬೇರೆ ಸಂಖ್ಯೆಗಳ ಪ್ರಶ್ನೆ ಕೇಳಿ, ಗಾಯ ಮಾಗಿದೆಯೇ ನೋಡಿ.

ಚೀಟಿ ಹಿಂತಿರುಗಿಸುವಾಗ ಅಂಕದ ಬದಲು ಒಂದು ಸಾಲು ಬರೆಯಿರಿ. ರೂತ್ ಬಟ್ಲರ್ ಇಸ್ರೇಲಿನ ಮಕ್ಕಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಿಗಿಂತ ಬರೀ ಟಿಪ್ಪಣಿ ಪಡೆದ ಮಕ್ಕಳು ಹೆಚ್ಚು ಸುಧಾರಿಸಿದರು.

ಶಾಲೆಯಲ್ಲಿ ಒಬ್ಬರೇ ಗಣಿತ ಶಿಕ್ಷಕರಿದ್ದರೆ?

ನಮ್ಮ ಬಹಳಷ್ಟು ಸರ್ಕಾರಿ ಶಾಲೆಗಳ ಸ್ಥಿತಿ ಇದೇ. ಆಗ ತಂಡವನ್ನು ಎರಡು ರೀತಿ ಕಟ್ಟಬಹುದು. ಒಂದು, ಶಾಲೆಯೊಳಗೆ ಐದು, ಆರು, ಏಳನೇ ತರಗತಿಗೆ ಪಾಠ ಮಾಡುವವರು ಸೇರುವುದು; ಆರರಲ್ಲಿ ಕಂಡ ತೊಡಕಿನ ಬೇರು ಐದರಲ್ಲಿ ಎಲ್ಲಿತ್ತೆಂದು ಗೊತ್ತಾಗುತ್ತದೆ. ಇನ್ನೊಂದು, ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ. ಸುತ್ತೋಲೆ ಓದುವುದರಲ್ಲೇ ಆ ಸಭೆಯ ಹೊತ್ತು ಕಳೆಯದಂತೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನಲವತ್ತು ನಿಮಿಷವನ್ನು ಚೀಟಿಗಳಿಗೆ ಮೀಸಲಿಡಬಹುದು. ಸಭೆಗಳ ನಡುವೆ ಮಕ್ಕಳ ಹೆಸರು ಮರೆಮಾಡಿದ ಚೀಟಿಗಳ ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡರೂ ಚರ್ಚೆ ನಿಲ್ಲುವುದಿಲ್ಲ.

ದಾಖಲೆಯ ಹೊರೆ ಹೆಚ್ಚಬಾರದು. ಘಟಕಕ್ಕೆ ಒಂದು ಪುಟ ಸಾಕು: ಕಲಿಕಾ ಫಲ, ಕೇಳಿದ ಪ್ರಶ್ನೆ, ಕಂಡ ತಪ್ಪುಗಳು, ಮಾಡಿದ ಬದಲಾವಣೆ, ಮರುತಪಾಸಣೆಯ ಫಲ. ಇದೇ ಕೆಲಸ ಎಫ್‌ಎ ಚಟುವಟಿಕೆಗೂ ಆಧಾರವಾದರೆ ಎರಡೆರಡು ಸಲ ಬರೆಯಬೇಕಿಲ್ಲ. ಆ ಪುಟವನ್ನು ಮುಂದಿನ ವರ್ಷ ತೆಗೆದರೆ ಯೋಜನೆ ಅರ್ಧ ಸಿದ್ಧವಾಗಿರುತ್ತದೆ. ವರ್ಗಾವಣೆಯಾಗಿ ಬಂದ ಹೊಸ ಶಿಕ್ಷಕರಿಗೂ ದಾರಿ ಕಾಣುತ್ತದೆ.

ಎಲ್ಲ ವಿಷಯಗಳಲ್ಲೂ ಒಟ್ಟಿಗೆ ಆರಂಭಿಸಬೇಕಿಲ್ಲ. ಈ ತಿಂಗಳು ಒಂದು ಘಟಕ ಆರಿಸಿ, ಜೊತೆಗೊಬ್ಬ ಶಿಕ್ಷಕರನ್ನು ಸೇರಿಸಿಕೊಳ್ಳಿ, ಒಂದೇ ಪ್ರಶ್ನೆ ಇಬ್ಬರೂ ಕೇಳಿ, ಚೀಟಿಗಳನ್ನು ಮುಂದಿಟ್ಟುಕೊಂಡು ಕೂರಿ. ತಪ್ಪು ಬರೆದ ಮಗು ತನಗೆ ಗೊತ್ತಿದ್ದಷ್ಟನ್ನು ಪ್ರಾಮಾಣಿಕವಾಗಿ ನಮಗೆ ತಿಳಿಸಿದೆ. ಅದನ್ನು ಓದಿ ಪಾಠ ಬದಲಿಸುವುದು ಆ ಮಗುವಿಗೆ ನಾವು ಸಲ್ಲಿಸಬೇಕಾದ ಉತ್ತರ.