ಬೆಂಡಿಲ್ಲದ ಈಜು, ಬೆಚ್ಚನೆಯ ನೀರು

ಮಿದುಳು, ನರಗಳ ಬೆಳವಣಿಗೆಯಲ್ಲಿ ತೊಡಕಿರುವ ಮಕ್ಕಳ ಜಲಚಿಕಿತ್ಸೆಗೆ ನೀರಿನ ಎತ್ತುವ ಗುಣವೇ ಆಧಾರ. ಎದೆಮಟ್ಟದ ನೀರಿನಲ್ಲಿ ಕಾಲು ಹೊರಬೇಕಾದ ಭಾರ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಮಿದುಳಿನ ತೊಂದರೆಯಾದ ಸೆರೆಬ್ರಲ್ ಪಾಲ್ಸಿಯಿಂದ ಸೆಟೆದ ಸ್ನಾಯುಗಳು ಸಡಿಲಗೊಳ್ಳುತ್ತವೆ. ನೆಲದ ಮೇಲೆ ನಿಲ್ಲಲು ಒದ್ದಾಡುವ ಮಗುವಿಗೆ ಅಲ್ಲಿ ಹೆಜ್ಜೆ ಇಡುವುದು ಸುಲಭವಾಗುತ್ತದೆ.

1924ರಲ್ಲಿ ಲಾಸ್ ಏಂಜಲೀಸ್‌ನ ಮೂಳೆ ವೈದ್ಯ ಚಾರ್ಲ್ಸ್ ಲೋಮನ್ ಆಸ್ಪತ್ರೆಯ ನೈದಿಲೆ ಕೊಳವನ್ನೇ ಚಿಕಿತ್ಸೆಯ ಕೊಳವಾಗಿ ಮಾರ್ಪಡಿಸಿದರು. ಮಕ್ಕಳ ಪಾಲಿಗೆ ನಿಜವಾದ ತಿರುವು ಬಂದದ್ದು 1949ರಲ್ಲಿ, ಲಂಡನ್ನಿನ ಹ್ಯಾಲಿವಿಕ್ ಶಾಲೆಯಲ್ಲಿ. ಅಲ್ಲಿನ ಅಂಗವಿಕಲ ಹುಡುಗಿಯರಿಗೆ ಈಜು ಕಲಿಸಲು ಬಂದ ಜೇಮ್ಸ್ ಮ್ಯಾಕ್‌ಮಿಲನ್ ವೈದ್ಯರಲ್ಲ, ದ್ರವಗಳ ಚಲನೆಯನ್ನು ಬಲ್ಲ ಎಂಜಿನಿಯರ್. ನಮ್ಮ ಊರುಗಳಲ್ಲಿ ಬಾವಿಗಿಳಿಸುವ ಮೊದಲು ಮಕ್ಕಳ ಬೆನ್ನಿಗೆ ಬೆಂಡು ಕಟ್ಟುತ್ತಾರಲ್ಲ, ಅಂಥದ್ದೇನೂ ಬೇಡವೆಂದರು ಅವರು. ಒಂದು ಮಗುವಿಗೆ ಒಬ್ಬರು ಆಸರೆ; ಮಗು ಮೊದಲು ಉಸಿರು ಬಿಡಲು, ಮಗುಚಿದ ಮೈಯನ್ನು ತಾನೇ ತಿರುಗಿಸಿಕೊಳ್ಳಲು ಕಲಿಯಬೇಕು. ಕಲಿತಷ್ಟೂ ಆಸರೆಯ ಕೈ ಹಿಂದೆ ಸರಿಯಬೇಕು. ಹತ್ತು ಹಂತಗಳ ಈ ಕ್ರಮ ಇಂದು ಹಲವು ದೇಶಗಳಲ್ಲಿದೆ. ಕೊಳಕ್ಕಿಂತ ಕೈ ಮುಖ್ಯ ಎಂಬುದೇ ಅದರ ಹೆಗ್ಗಳಿಕೆ.

ಕರ್ನಾಟಕದಲ್ಲಿ ನೀರಿನ ಚಿಕಿತ್ಸೆಯ ಫಲಕ್ಕೆ ಎದ್ದು ಕಾಣುವ ಉದಾಹರಣೆ ಬೆಂಗಳೂರಿನ ನಿರಂಜನ್ ಮುಕುಂದನ್. ಬೆನ್ನುಹುರಿಯ ಸುತ್ತ ಮೂಳೆ ಪೂರ್ತಿ ಕೂಡದ ಸ್ಪೈನಾ ಬೈಫಿಡಾ ಅವರಿಗೆ ಹುಟ್ಟಿನಿಂದಲೇ ಇತ್ತು. ಕಾಲಿಗೆ ಬಲ ಬರಲೆಂದು ವೈದ್ಯರು ಈಜು ಸೂಚಿಸಿದರು. ಹಾಗೆ ನೀರಿಗಿಳಿದ ಹುಡುಗ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಪರ ಈಜಿದರು. ಎಲ್ಲ ಮಕ್ಕಳೂ ಅಲ್ಲಿಗೆ ಮುಟ್ಟಬೇಕಿಲ್ಲ. ತಾನಾಗಿ ಕೂರಲು ಬಂದರೂ ಮನೆಯವರಿಗೆ ಅದು ದೊಡ್ಡದೇ.

ಆಟಿಸಂ ಇರುವ ಹಲವು ಮಕ್ಕಳಿಗೆ ನೀರಿನ ಸಮನಾದ ಒತ್ತಡ ಹಿತವೆನಿಸುತ್ತದೆ. ಆದರೆ ಇದು ಆಟಿಸಂ ಗುಣಪಡಿಸುವ ಮದ್ದಲ್ಲ. ನೀರಿನ ಸೆಳೆತವೂ ಅವರಲ್ಲಿ ಹೆಚ್ಚು. ಊರೂರಿಗೆ ಕೆರೆ, ಪಕ್ಕದಲ್ಲೇ ಭದ್ರಾ ನಾಲೆ ಇರುವ ತರೀಕೆರೆ ಸೀಮೆಯಲ್ಲಿ ಈ ಅಪಾಯವನ್ನು ಮರೆಯುವಂತಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೂ ನಾಲೆ ಒಗ್ಗದು; ಅದರ ತಣ್ಣನೆಯ ಹರಿವು ಸ್ನಾಯುಗಳ ಸೆಟೆತವನ್ನು ಹೆಚ್ಚಿಸುತ್ತದೆ. ಫಿಟ್ಸ್ ಬರುವ ಮಗುವನ್ನಂತೂ ವೈದ್ಯರ ಒಪ್ಪಿಗೆಯಿಲ್ಲದೆ ನೀರಿಗಿಳಿಸಲೇಬಾರದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಮಗು ಕತ್ತು ನಿಲ್ಲಿಸುವುದು, ಕೂರುವುದು, ಮಾತು ತಡವಾದರೆ ಹೆತ್ತವರು ಆ ತಂಡ ಬರುವವರೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲಿ. ನೀರಿನ ಚಿಕಿತ್ಸೆ ಬೇಕೇ ಎಂಬುದನ್ನು ಫಿಸಿಯೋಥೆರಪಿಸ್ಟರನ್ನು ಕೇಳಿಯೇ ತೀರ್ಮಾನಿಸಲಿ.