ಕಿರಿದಾದ ಮೇಲ್ದವಡೆ

ಬಾಯಿ ಮುಚ್ಚಿದಾಗ ಮೇಲಿನ ದವಡೆಹಲ್ಲುಗಳು ಕೆಳಗಿನವುಗಳ ಒಳಮಗ್ಗುಲಿಗೆ ಬೀಳುತ್ತಿದ್ದರೆ ಮೇಲ್ದವಡೆಯು ಕಿರಿದಾಗಿರಬಹುದು. ಈ ದವಡೆಯು ಎರಡು ಎಲುಬುಗಳ ಜೋಡಣೆ. ಅಂಗುಳಿನ ನಡುವೆ ಅವು ಕೂಡುವ ಸಂದು ಎಳೆವಯಸ್ಸಿನಲ್ಲಿ ಬೆಸೆದಿರುವುದಿಲ್ಲ. 1860ರಲ್ಲಿ ಅಮೆರಿಕದ ದಂತವೈದ್ಯ ಏಂಜೆಲ್ ಅವರು ಬಾಲಕಿಯೊಬ್ಬಳ ಬಾಯಿಯಲ್ಲಿ ತಿರುಪನ್ನಿಟ್ಟು, ಎರಡು ವಾರಗಳಲ್ಲಿ ದವಡೆಯನ್ನು ಅಗಲಿಸಿದರು.

ಪ್ರಾಯ ಬಲಿತಂತೆ ಸಂದು ಬಿಗಿಯುತ್ತದೆ. ಆಗ ಹಲ್ಲುಗಳನ್ನಷ್ಟೇ ಒತ್ತಿದರೆ ಎಲುಬು ಕದಲದೆ ಹಲ್ಲುಗಳು ಹೊರಕ್ಕೆ ವಾಲುತ್ತವೆ. ವಸಡು ಕುಗ್ಗುವುದೂ ಉಂಟು. ಆದುದರಿಂದ ಬೆಳೆದವರಲ್ಲಿ ಕಿರುತಿರುಪುಗಳನ್ನು ಅಂಗುಳಿನ ಎಲುಬಿಗೇ ನಾಟುವರು. ಅದಕ್ಕೂ ಜಗ್ಗದಿದ್ದರೆ ಶಸ್ತ್ರಕ್ರಿಯೆಯಿಂದ ಎಲುಬನ್ನು ಸಡಿಲಿಸುವರು.

ಮುಂದಿನ ಹಲ್ಲುಗಳ ನಡುವೆ ಆಗ ಕಾಣುವ ತೆರಪಿಗೆ ಅಂಜಬೇಕಾಗಿಲ್ಲ. ಸಂದು ತೆರೆಯಿತೆಂಬುದಕ್ಕೆ ಅದೇ ಕುರುಹು. ಹೊಸ ಎಲುಬು ತುಂಬುವವರೆಗೆ ಕೆಲವು ತಿಂಗಳು ಸಾಧನವನ್ನು ಬಾಯಲ್ಲೇ ಇರಿಸಬೇಕು. ಚಿಕಿತ್ಸೆಗೆ ಒಪ್ಪುವ ಮುನ್ನ, ಒತ್ತಡವು ಹಲ್ಲಿನ ಮೇಲೋ ಎಲುಬಿನ ಮೇಲೋ ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯುವುದು ಲೇಸು.