ತಲೆ ಸುತ್ತಿದ್ದೆಲ್ಲ ಪಿತ್ತವಲ್ಲ

ಬೆಳಗಿನ ಹೊತ್ತು ಗದ್ದೆಗೆ ನೀರು ಕಟ್ಟಲು ಹೋದ ಮನೆಯ ಹಿರಿಯರು ಬದುವಿನ ಮೇಲೆ ತಲೆ ಹಿಡಿದುಕೊಂಡು ಕುಳಿತುಬಿಟ್ಟರೆಂದು ಇಟ್ಟುಕೊಳ್ಳಿ. ಎದ್ದು ನಿಂತರೆ ತೂರಾಡುತ್ತಾರೆ. ಎರಡು ಸಲ ವಾಂತಿಯೂ ಆಯಿತು. ಆಗ ನಾವು ಏನು ಮಾಡುತ್ತೇವೆ? ‘ಪಿತ್ತ ಕೆದರಿದೆ’ ಎನ್ನುತ್ತೇವೆ. ನಿಂಬೆಹಣ್ಣಿನ ಪಾನಕ ಕುಡಿಸಿ, ಜಗುಲಿಯ ಮೇಲೆ ಮಲಗಿಸಿ, ‘ಸಂಜೆಯೊಳಗೆ ಸರಿಹೋದೀತು’ ಎಂದು ಕೆಲಸಕ್ಕೆ ಮರಳುತ್ತೇವೆ. ಬಹುಪಾಲು ಸಲ ಅದು ಸರಿಯೂ ಹೋಗುತ್ತದೆ. ಆದರೆ ಕೆಲವು ಸಲ ಆ ಸಂಜೆಯೊಳಗೆ ಮನುಷ್ಯನೇ ಕೈತಪ್ಪಿ ಹೋಗುತ್ತಾನೆ.

ಮೊದಲು ಅಂಜಿಕೆಯಿಲ್ಲದ ತಲೆಸುತ್ತನ್ನು ತಿಳಿದುಕೊಳ್ಳೋಣ. ಗಾರೆ ಕೆಲಸದವರ ಕೈಯಲ್ಲಿ ರಸಮಟ್ಟವಿರುವುದನ್ನು ನೀವು ನೋಡಿದ್ದೀರಿ. ಅಂಥದೇ ಒಂದು ಏರ್ಪಾಡು ನಮ್ಮ ಒಳಕಿವಿಯಲ್ಲಿದೆ. ಅದರಲ್ಲಿರುವ ಸುಣ್ಣದ ಸಣ್ಣ ಹರಳುಗಳು ಸ್ಥಾನ ತಪ್ಪಿದರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅಥವಾ ಅಟ್ಟದತ್ತ ಕತ್ತೆತ್ತಿ ನೋಡಿದಾಗ ಮನೆಯೇ ಗಿರ‍್ರನೆ ತಿರುಗಿದಂತಾಗುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಅದು ನಿಲ್ಲುತ್ತದೆ. ಬಲ್ಲ ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿಯೇ ಇದನ್ನು ಗುಣಪಡಿಸುತ್ತಾರೆ. ಕಳೆ ಕೀಳುತ್ತ ಕುಕ್ಕರುಗಾಲಲ್ಲಿ ಕುಳಿತವರು ಥಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುವುದು ಬೇರೆ ಬಗೆ. ಬಿಸಿಲು, ನೀರು ಕುಡಿಯದಿರುವುದು, ರಕ್ತದೊತ್ತಡದ ಗುಳಿಗೆ ಇವೆಲ್ಲ ಅದಕ್ಕೆ ಕಾರಣ.

ಇನ್ನು ಮಿದುಳಿನಿಂದ ಬರುವ ತಲೆಸುತ್ತು. ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲಕ್ಕೆ ಕಿರುಮಿದುಳು ಇದೆ. ನಾವು ನೆಟ್ಟಗೆ ನಡೆಯುವುದಕ್ಕೂ, ಹಿಡಿದ ಕುಡುಗೋಲು ಗುರಿ ತಪ್ಪದಿರುವುದಕ್ಕೂ ಅದೇ ಆಧಾರ. ಅದಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೆ ಅಥವಾ ನಾಳ ಒಡೆದರೆ ಅದೂ ಲಕ್ವವೇ. ಲಕ್ವವೆಂದರೆ ಕೈಕಾಲು ಬಿದ್ದುಹೋಗುವುದು, ಬಾಯಿ ಸೊಟ್ಟಗಾಗುವುದು ಎಂದಷ್ಟೇ ನಮ್ಮ ತಿಳಿವಳಿಕೆ. ಮೋಸ ಇರುವುದು ಇಲ್ಲಿಯೇ. ಕಿರುಮಿದುಳಿನ ಲಕ್ವದಲ್ಲಿ ಮಲಗಿದವರ ಕೈ ಹಿಡಿದು ನೋಡಿದರೆ ಶಕ್ತಿ ಚೆನ್ನಾಗಿಯೇ ಇರಬಹುದು. ಆದರೆ ಎಬ್ಬಿಸಿ ನಿಲ್ಲಿಸಿದರೆ ನಿಲ್ಲಲಾರರು, ಒಂದೇ ಪಕ್ಕಕ್ಕೆ ವಾಲುತ್ತಾರೆ.

ಆದ್ದರಿಂದ ತಲೆಸುತ್ತು ಹಠಾತ್ತನೆ ಬಂದು ಬಿಡದೆ ಹಿಡಿದಿದ್ದರೆ ಕೆಲವನ್ನು ಕೂಡಲೇ ಗಮನಿಸಿರಿ. ಆಸರೆಯಿಲ್ಲದೆ ನಾಲ್ಕು ಹೆಜ್ಜೆ ಇಡಬಲ್ಲರೇ? ಒಂದು ವಸ್ತು ಎರಡಾಗಿ ಕಾಣುತ್ತಿದೆಯೇ? ಮಾತು ತೊದಲುತ್ತಿದೆಯೇ? ಉಗುಳು ನುಂಗಲು ಕಷ್ಟವೇ? ಮುಖದ ಒಂದು ಭಾಗ, ಒಂದು ಕೈ ಅಥವಾ ಕಾಲು ಮರಗಟ್ಟಿದೆಯೇ? ಹಿಂದೆಂದೂ ಇಲ್ಲದ ತಲೆನೋವು ಹಿಂದಲೆಯಲ್ಲಿ ಎದ್ದಿದೆಯೇ? ಇವುಗಳಲ್ಲಿ ಒಂದಿದ್ದರೂ ಸಾಕು, ಸಂಜೆಯವರೆಗೆ ಕಾಯತಕ್ಕದ್ದಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳವರಲ್ಲಿ, ಬೀಡಿ ಸೇದುವವರಲ್ಲಿ ಸಂಶಯ ಇನ್ನೂ ಹೆಚ್ಚಿರಲಿ.

ಇಷ್ಟು ಅವಸರವೇಕೆ ಎಂದು ನೀವು ಕೇಳಬಹುದು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇದೆ. ಆದರೆ ಅದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ತಲೆಯ ಸ್ಕ್ಯಾನ್ ತೆಗೆದು ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸ್ಕ್ಯಾನ್ ಇಲ್ಲದ ಕಡೆ ಹೋಗಿ, ಅಲ್ಲಿಂದ ಇನ್ನೊಂದು ಊರಿಗೆ ಕಳಿಸಿಕೊಂಡರೆ ಹೊತ್ತು ದಾರಿಯಲ್ಲಿಯೇ ಕಳೆಯಿತು. ರಾತ್ರಿಯೂ ಸ್ಕ್ಯಾನ್ ನಡೆಯುವ ಆಸ್ಪತ್ರೆ ಯಾವುದು, ಎಷ್ಟು ದೂರ ಎಂಬುದನ್ನು ಇಂದೇ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ವಾಚನಾಲಯದ ಗೋಡೆಗೆ ಬರೆದು ಅಂಟಿಸಿರಿ. ನಮ್ಮ ರಾಜ್ಯದಲ್ಲಿ 2008ರಿಂದ 108 ಸಂಖ್ಯೆಗೆ ಕರೆ ಮಾಡಿದರೆ ಉಚಿತವಾಗಿ ಆಂಬುಲೆನ್ಸ್ ಬರುತ್ತದೆ.

ಗಾಡಿ ಬರುವವರೆಗೆ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿರಿ. ಪಾನಕವಿರಲಿ, ಒಂದು ಗುಟುಕು ನೀರನ್ನೂ ಕೊಡಬೇಡಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಿಮ್ಮ ಮನಸ್ಸಿಗೆ ಬಂದಂತೆ ಆಸ್ಪಿರಿನ್ ಗುಳಿಗೆಯನ್ನಾಗಲಿ, ಒತ್ತಡದ ಗುಳಿಗೆಯನ್ನಾಗಲಿ ಕೊಡಬೇಡಿ. ಕೊನೆಯ ಸಲ ಅವರು ಚೆನ್ನಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಗುರುತು ಹಾಕಿಕೊಳ್ಳಿ; ವೈದ್ಯರು ಮೊದಲು ಕೇಳುವುದು ಅದನ್ನೇ. ಮೊದಲ ಸಿ.ಟಿ. ಸ್ಕ್ಯಾನ್‌ನಲ್ಲಿ ಕಿರುಮಿದುಳಿನ ಲಕ್ವ ಕಾಣದಿರುವುದೂ ಉಂಟು. ಅದಕ್ಕಾಗಿ ಎರಡು ಮೂರು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತೇವೆಂದರೆ ‘ಸುಗ್ಗಿ ಕೆಲಸವಿದೆ’ ಎಂದು ಕರೆತರಬೇಡಿ. ಊತ ಏರುವುದು ಆ ದಿನಗಳಲ್ಲಿಯೇ.

ನಿಧಾನವಾಗಿ ಬರುವ ತಲೆಸುತ್ತಿಗೆ ಇಷ್ಟು ಧಾವಂತ ಬೇಡ, ಆದರೆ ಅಲಕ್ಷ್ಯವೂ ಸಲ್ಲದು. ಅರೆತಲೆನೋವಿನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಗಂಟೆಗಟ್ಟಲೆ ತಲೆ ಸುತ್ತುವುದುಂಟು. ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಅಥವಾ ಕತ್ತಲೆಯಲ್ಲಿ ನಡೆಯುವಾಗ ತೂರಾಡಿದರೆ ಕಾಲಿನ ನರಗಳು ಸೊರಗಿರಬಹುದು. ಸಕ್ಕರೆ ಕಾಯಿಲೆಯೂ, ಬಿ-12 ಜೀವಸತ್ವದ ಕೊರತೆಯೂ ಇದಕ್ಕೆ ಕಾರಣವಾಗಬಲ್ಲವು. ಮೂರ್ಛೆರೋಗದ ಕೆಲವು ಗುಳಿಗೆಗಳು ಪ್ರಮಾಣ ಮೀರಿದರೂ ನಡಿಗೆ ತಪ್ಪುತ್ತದೆ. ಹಾಗೆಂದು ನೀವೇ ಗುಳಿಗೆ ನಿಲ್ಲಿಸಿದರೆ ಮೂರ್ಛೆ ಮರುಕಳಿಸುತ್ತದೆ, ವೈದ್ಯರನ್ನೇ ಕೇಳಬೇಕು.

ರೈತರಿಗೆ ಮಾತ್ರ ಅಂಟಿದ ಇನ್ನೊಂದು ತಲೆಸುತ್ತು ಇದೆ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಮುಂತಾದ ಔಷಧಿ ಹೊಡೆಯುವಾಗ ತಲೆ ಸುತ್ತಿ, ಬೆವರು ಕಿತ್ತು, ಬಾಯಲ್ಲಿ ಜೊಲ್ಲು ಸುರಿದು, ಕಣ್ಣಪಾಪೆ ಸಾಸಿವೆಯಷ್ಟಾದರೆ ವಿಷ ನರಗಳಿಗೆ ತಟ್ಟಿದೆ ಎಂದೇ ತಿಳಿಯಿರಿ. ಕೂಡಲೇ ಬಟ್ಟೆ ಕಳಚಿ, ಸೋಪು ಹಚ್ಚಿ ಮೈ ತೊಳೆಸಿರಿ. ತೊಳೆಯುವವರು ಕೈಚೀಲ ಹಾಕಿಕೊಳ್ಳಲಿ. ವಾಂತಿ ಮಾಡಿಸಲು ಹೋಗಬೇಡಿ. ಡಬ್ಬಿಯನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಅದರ ಚೀಟಿ ನೋಡಿದರೆ ಪ್ರತಿವಿಷ ಯಾವುದೆಂದು ವೈದ್ಯರಿಗೆ ಬೇಗ ತಿಳಿಯುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಒದ್ದೆ ಹೊಗೆಸೊಪ್ಪು ಮುರಿಯುವವರಿಗೆ ಬರುವ ತಲೆಸುತ್ತು, ವಾಂತಿ ಚರ್ಮದ ಮೂಲಕ ಇಳಿದ ನಿಕೋಟಿನ್‌ನಿಂದ. ಎಲೆಯ ನೀರು ಆರಿದ ಮೇಲೆ ಮುರಿಯುವುದು ಲೇಸು.

ಕಾರಣ ಯಾವುದೇ ಇರಲಿ, ತಲೆಸುತ್ತು ಬಂದವರು ವೈದ್ಯರು ಒಪ್ಪುವವರೆಗೆ ತೆಂಗಿನಮರ ಹತ್ತುವುದು, ಬಾವಿಗೆ ಇಳಿಯುವುದು, ಟ್ರ್ಯಾಕ್ಟರ್ ಓಡಿಸುವುದು, ಒಕ್ಕಣೆ ಯಂತ್ರಕ್ಕೆ ಕಂತೆ ಕೊಡುವುದು ಬೇಡ. ಆ ಕೆಲಸಕ್ಕೆ ಮನೆಯ ಇನ್ನೊಬ್ಬರನ್ನು ಹಚ್ಚಿರಿ.